ಒಂದು ಹಾಳೆ, ಎಂಟು ಪುಟ, ನಲವತ್ತು ಮನೆ

ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಮಗಳು ಚೀಲಕ್ಕೆ ಕೈ ಹಾಕಿದಾಗ ತಾಯಿಯಾದವಳಿಗೆ ಏನು ಆಸೆ ಇರುತ್ತದೆಂದು ನಿಮಗೆ ಬೇರೆ ಹೇಳಬೇಕೆ? ಸೀರೆಯಲ್ಲದಿದ್ದರೆ ಒಂದು ರವಿಕೆ ಕಣವಾದರೂ ಬರಬಹುದೆಂದು ನಾನು ಸೆರಗಿಗೆ ಕೈ ಒರೆಸಿಕೊಂಡು ನಿಂತೆ. ಅವಳು ತೆಗೆದದ್ದು ಅಂಗೈ ಅಗಲದ ಒಂದು ಪುಸ್ತಕ. ಪುಸ್ತಕ ಎನ್ನಲೂ ಸಂಕೋಚ. ಹೊಲಿಗೆಯಿಲ್ಲ, ಪಿನ್ನಿಲ್ಲ, ಬೆಲೆಯಿಲ್ಲ, ಮುದ್ರಣಾಲಯದ ಹೆಸರಿಲ್ಲ. ಒಂದೇ ಹಾಳೆಯನ್ನು ಮಡಚಿ ಮಾಡಿದ ಎಂಟು ಪುಟ. ಕೈಬರಹವನ್ನು ಜೆರಾಕ್ಸ್ ಮಾಡಿದ್ದು.

"ಇದೇನೇ, ಪಂಚಾಂಗದ ಮರಿ ಇದ್ದ ಹಾಗಿದೆ?" ಎಂದೆ.

"ಇದಕ್ಕೆ ಝೀನ್ ಅಂತಾರಮ್ಮ. ನನ್ನ ಸ್ನೇಹಿತೆ ಮಾಡಿದ್ದು."

ಪತ್ರಿಕೆ ಓದುತ್ತ ಕುಳಿತಿದ್ದ ನಮ್ಮವರು ಕನ್ನಡಕದ ಮೇಲಿಂದ ನೋಡಿ, "ಜೀನ ಅಂತಲೇ? ಸರಿಯಾಗಿದೆ ಹೆಸರು. ಒಂದು ಹಾಳೆಯಲ್ಲಿ ಎಂಟು ಪುಟ ತೆಗೆದವಳು ಜೀನಳಲ್ಲದೆ ಮತ್ತೇನು!" ಎಂದರು. ಎಲ್ಲರೂ ನಕ್ಕೆವು.

ರಾತ್ರಿ ಪಾತ್ರೆ ತೊಳೆದಿಟ್ಟು ದೀಪದ ಕೆಳಗೆ ಕುಳಿತು ಅದನ್ನು ಓದಿದೆ. ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಒಲೆ ಹಚ್ಚಲು ಬಿಡದ ಕಾರಣ, ನೀರು ಕಾಯಿಸುವ ಕರೆಂಟಿನ ಹೂಜಿಯಲ್ಲೇ ಅವಲಕ್ಕಿ ಉಪ್ಪಿಟ್ಟು, ಬೇಳೆ ತಿಳಿಸಾರು ಮಾಡಿಕೊಂಡ ಹುಡುಗಿಯೊಬ್ಬಳ ಪ್ರಸಂಗ ಅದು. ಅಕ್ಷರ ಅಷ್ಟೇನೂ ದುಂಡಾಗಿರಲಿಲ್ಲ. ಒಂದು ಕಡೆ ತಪ್ಪು ಬರೆದು ಹೊಡೆದುಹಾಕಿದ್ದೂ ಹಾಗೇ ಬಂದಿತ್ತು. ಆದರೂ ಓದಿ ಮುಗಿಸಿದಾಗ ಆ ಕಾಣದ ಹುಡುಗಿಗೆ ಒಂದು ಡಬ್ಬ ಚಟ್ನಿಪುಡಿ ಕಳಿಸಬೇಕೆನಿಸಿತು. ದೊಡ್ಡ ಪುಸ್ತಕ ಓದಿ ನನಗೆಂದೂ ಹಾಗೆ ಅನಿಸಿದ್ದಿಲ್ಲ.

ಮರುದಿನ ಮಗಳನ್ನು ಕೂರಿಸಿಕೊಂಡು ಈ ಝೀನಿನ ಹುಟ್ಟುಪೂರ್ವ ಕೇಳಿದೆ. ಆಮೇಲೆ ನಾನೂ ಹುಡುಕಿ ಓದಿಕೊಂಡೆ. ನಿಮಗೂ ಸ್ವಲ್ಪ ಹೇಳುತ್ತೇನೆ, ಬೇಸರಿಸಬೇಡಿ.

1930ರಲ್ಲಿ ಅಮೆರಿಕದ ಶಿಕಾಗೋದಲ್ಲಿ, ವಿಜ್ಞಾನದ ಕಲ್ಪನೆಯ ಕಥೆಗಳನ್ನು ಓದುವ ಹುಚ್ಚು ಹತ್ತಿದವರು ಒಂದು ಪತ್ರಮಿತ್ರರ ಕೂಟ ಕಟ್ಟಿಕೊಂಡು 'ದಿ ಕಾಮೆಟ್' ಎಂಬ ಪತ್ರಿಕೆ ಹೊರಡಿಸಿದರಂತೆ. ಈ ಬಗೆಯವುಗಳಲ್ಲಿ ಅದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಅಭಿಮಾನಿಗಳ ಮ್ಯಾಗಜೀನ್ ಆದ್ದರಿಂದ 1940ರಲ್ಲಿ ರಸ್ ಶೋವನೆ ಎಂಬುವರು 'ಫ್ಯಾನ್‌ಝೀನ್' ಎಂಬ ಪದ ಹುಟ್ಟಿಸಿದರು. ಕಾಲ ಕಳೆದ ಹಾಗೆ ತಲೆ ಹೋಗಿ ಬಾಲ ಮಾತ್ರ ಉಳಿಯಿತು. 1959ರಲ್ಲಿ ಸಾಧಾರಣ ಕಾಗದದ ಮೇಲೆ ನಕಲು ತೆಗೆಯುವ ಜೆರಾಕ್ಸ್ 914 ಯಂತ್ರ ಬಂದ ಮೇಲೆ, ಕಚೇರಿಗಳಲ್ಲಿ ಕೆಲಸ ಮಾಡುವ ಹುಡುಗರಿಗೂ ನಕಲು ಕೈಗೆಟುಕತೊಡಗಿತು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ ತನಗಿಷ್ಟವಾದ ಪಂಕ್ ಹಾಡುಗಾರರ ಬಗ್ಗೆ ಹೀಗೇ ಒಂದು ಪತ್ರಿಕೆ ಮಾಡಿ ಹಂಚಿದ. 1990ರ ದಶಕದ ಆರಂಭದಲ್ಲಿ ಅಮೆರಿಕದ ಒಲಿಂಪಿಯಾ ಎಂಬ ಊರಿನ ಸುತ್ತಮುತ್ತ ಹೆಣ್ಣುಮಕ್ಕಳು ಇದನ್ನು ಕೈಗೆತ್ತಿಕೊಂಡು, ಮನೆಯಲ್ಲಿ ಆಡಲಾಗದ, ದೊಡ್ಡ ಪತ್ರಿಕೆಗಳು ಅಚ್ಚು ಹಾಕದ ಮಾತುಗಳನ್ನು ಬರೆದು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಂಡರು. ಇಂದು ನ್ಯೂಯಾರ್ಕಿನ ಬರ್ನಾರ್ಡ್ ಎಂಬ ಮಹಿಳಾ ಕಾಲೇಜಿನ ಗ್ರಂಥಾಲಯ ಇಂಥವನ್ನು ಕೂಡಿಟ್ಟಿದೆ. 2003ರಲ್ಲಿ ಆರಂಭಿಸಿದರಂತೆ.

ಇದನ್ನೆಲ್ಲ ಕೇಳುತ್ತ ಕೇಳುತ್ತ ನನಗೆ ಒಳಗೊಳಗೇ ನಗು. ಏಕೆಂದರೆ ಈ 'ಹೊಸದು' ನಮಗೆ ಹಳೆಯದೇ! ನಾನು ಕಾಲೇಜು ಓದುವಾಗ, 1980ರ ದಶಕದಲ್ಲಿ, ನಮ್ಮ ಹಾಸ್ಟೆಲಿನಲ್ಲಿ ಒಂದು ಕೈಬರಹದ ಪತ್ರಿಕೆ ಇತ್ತು. ಇದ್ದದ್ದು ಒಂದೇ ಪ್ರತಿ. ಅಕ್ಷರ ದುಂಡಗಿದ್ದವಳು ಬರೆಯಬೇಕು, ಚಿತ್ರ ಬರುವವಳು ಅಂಚಿಗೆ ಬಳ್ಳಿ ಬಿಡಿಸಬೇಕು. ಒಬ್ಬೊಬ್ಬರ ಕೋಣೆಯಲ್ಲಿ ಒಂದು ರಾತ್ರಿ. ಕೊನೆಯ ಖಾಲಿ ಪುಟದಲ್ಲಿ ಓದಿದವರೆಲ್ಲ ಅಭಿಪ್ರಾಯ ಬರೆಯಬೇಕು. ನಿಮ್ಮಲ್ಲೂ ಎಷ್ಟೋ ಜನ ಶಾಲೆಯ ಗೋಡೆಗೆ ಅಂಟಿಸುತ್ತಿದ್ದ ಭಿತ್ತಿಪತ್ರಿಕೆಗೆ ಒಂದು ಕವನವನ್ನೋ ಚುಟುಕವನ್ನೋ ಕೊಟ್ಟಿರಬೇಕು. ಕೊಟ್ಟಿದ್ದೀರಿ ತಾನೆ? ಇನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಬಳಸುತ್ತಿದ್ದ ಸೈಕ್ಲೋಸ್ಟೈಲ್ ಮಸಿಯ ವಾಸನೆ ನಮ್ಮ ವಯಸ್ಸಿನವರ ಮೂಗಿನಿಂದ ಇನ್ನೂ ಹೋಗಿಲ್ಲ. 1942ರ ಚಳವಳಿಯಲ್ಲಿ ಪೊಲೀಸರ ಕಣ್ಣು ತಪ್ಪಿಸಿ ಹಂಚುತ್ತಿದ್ದ ಕರಪತ್ರಗಳಲ್ಲೂ ಎಷ್ಟೋ ಇದೇ ಮಸಿಯವು.

ಹೆಂಗಸರು ತಮ್ಮ ಪತ್ರಿಕೆಯನ್ನು ತಾವೇ ಮಾಡಿಕೊಂಡದ್ದೂ ಹೊಸತಲ್ಲ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು ಮನೆಯಲ್ಲೇ ಓದಿಕೊಂಡು, ಕಾದಂಬರಿ ಬರೆದು, 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆ ನಡೆಸಿ, 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದಲ್ಲಿ, ಆಗಷ್ಟೇ ಅಕ್ಷರ ಕಲಿತ ಹಳ್ಳಿಯ ಹೆಂಗಸರು 'ಮಹಿಳಾ ಡಾಕಿಯಾ' ಎಂಬ ಪತ್ರಿಕೆ ಮಾಡಿದರು. ಆ ಅನುಭವದಿಂದಲೇ 2002ರಲ್ಲಿ ಚಿತ್ರಕೂಟದಲ್ಲಿ, ಅಲ್ಲಿಯ ಬುಂದೇಲಿ ಮಾತಿನಲ್ಲಿ, 'ಖಬರ್ ಲಹರಿಯಾ' ಹುಟ್ಟಿತು. ಅದರ ಮೇಲೆ ತೆಗೆದ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಹೋಗಿತ್ತು.

ಇಷ್ಟು ಓದಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ನಾನೂ ಒಂದು ಮಾಡಬೇಕು. ಆದರೆ ಯಾವುದರ ಬಗ್ಗೆ?

ಅದಕ್ಕೆ ಉತ್ತರ ನಮ್ಮ ಹಿತ್ತಿಲಲ್ಲೇ ಇತ್ತು. ನಮ್ಮದು ಮಲೆನಾಡಿನ ಒಂದು ತಾಲ್ಲೂಕು ಊರು. ನಮ್ಮತ್ತೆ ಇದ್ದಷ್ಟು ದಿನ ಊಟಕ್ಕೆ ಮೊದಲ ತುತ್ತು ತಂಬುಳಿಯದ್ದು. ಒಂದು ದಿನ ಒಂದೆಲಗ, ಒಂದು ದಿನ ದೊಡ್ಡಪತ್ರೆ, ಮತ್ತೊಂದು ದಿನ ದಾಳಿಂಬೆ ಸಿಪ್ಪೆ. ಹೊಟ್ಟೆ ಕೆಟ್ಟರೆ ಬೇಲಿಯಿಂದ ನಾಲ್ಕಾರು ಬಗೆಯ ಕುಡಿ ಚಿವುಟಿ ತರುತ್ತಿದ್ದರು. "ಹೇಳಿಕೊಡಿ" ಎಂದರೆ, "ನೋಡ್ತಾ ನೋಡ್ತಾ ಬರ್ತದೆ ಕಣೆ" ಎನ್ನುತ್ತಿದ್ದರು. ನಾನು ನೋಡಲಿಲ್ಲ. ಅವರು ಹೋಗಿ ಏಳು ವರ್ಷ. ಈಗ ಬೇಲಿಯ ಮುಂದೆ ನಿಂತರೆ ನನಗೆ ಎಲ್ಲವೂ ಬರೀ ಹಸಿರು. ಯಾವುದು ಅಡುಗೆಗೆ, ಯಾವುದು ದನಕ್ಕೆ ಎಂದು ತಿಳಿಯದು. ನಿಮ್ಮ ಮನೆಯಲ್ಲೂ ಹೀಗೆ ಹೋದ ವಿದ್ಯೆ ಒಂದಾದರೂ ಇರಬೇಕಲ್ಲವೇ?

ಸರಿ, ನಮ್ಮ ಕೇರಿಯ ಹಿರಿಯರಿಂದ ತಂಬುಳಿಗಳನ್ನು ಕೇಳಿ ಬರೆದುಕೊಳ್ಳುವುದೆಂದು ನಿಶ್ಚಯಿಸಿದೆ. ಮಧ್ಯಾಹ್ನ ಊಟದ ಕೆಲಸ ಮುಗಿದ ಮೇಲೆ ಹಳೆಯ ನೋಟುಪುಸ್ತಕ ಹಿಡಿದು ಹೊರಡುತ್ತಿದ್ದೆ. ಟೈಲರ್ ಅಕ್ಕ, ಹೂವಿನಂಗಡಿಯಾಕೆ, ಅಂಗನವಾಡಿ ಟೀಚರ ತಾಯಿ, ಮೂಲೆಮನೆಯ ಅಜ್ಜಿ, ಹೀಗೆ ಹನ್ನೊಂದು ಮನೆ. ನಮ್ಮವರು, "ಸಂಶೋಧನೆಗೆ ಹೊರಟರು ನಮ್ಮ ಮನೆಯ ಡಾಕ್ಟರು" ಎಂದು ಬಾಗಿಲವರೆಗೂ ಬಂದು ಬೀಳ್ಕೊಡುತ್ತಿದ್ದರು.

ನಗೆಯಾಡಿದರೇನಂತೆ, ಅದು ಸಂಶೋಧನೆಯೇ! ಮೊದಲ ತೊಡಕು ಹೆಸರಿನದು. ನನಗೆ ಒಂದೆಲಗ ಎಂದರೆ, ಕರಾವಳಿಯಿಂದ ಮದುವೆಯಾಗಿ ಬಂದ ಟೈಲರ್ ಅಕ್ಕನಿಗೆ ಅದು ತಿಮರೆ. ಇನ್ನೊಬ್ಬರಿಗೆ ಬ್ರಾಹ್ಮಿ. ಆದರೆ ಬ್ರಾಹ್ಮಿ ಎಂದು ಕರೆಯುವ ಗಿಡಗಳು ಎರಡಿವೆ. ದುಂಡು ಎಲೆಯ ಒಂದೆಲಗ ಒಂದು, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿ ಇನ್ನೊಂದು. ನಮ್ಮ ದೊಡ್ಡಪತ್ರೆ ಕೆಲವರ ಬಾಯಲ್ಲಿ ಸಾಂಬ್ರಾಣಿ ಸೊಪ್ಪು. ಬರೀ ಹೆಸರು ಬರೆದರೆ ಓದಿದವರು ಯಾವ ಸೊಪ್ಪು ರುಬ್ಬುತ್ತಾರೋ ಯಾರಿಗೆ ಗೊತ್ತು? ಆದ್ದರಿಂದ ಪ್ರತಿ ಎಲೆಯ ಗುರುತೂ ಪುಟದಲ್ಲಿ ಇರಲೇಬೇಕಾಯಿತು.

ಎರಡನೆಯದು ಅಳತೆಯ ತೊಡಕು. "ಎಷ್ಟು ಹಾಕ್ತೀರಿ?" ಎಂದರೆ "ಒಂದು ಹಿಡಿ" ಎನ್ನುತ್ತಾರೆ. ಯಾರ ಹಿಡಿ? ಹೂವಿನಂಗಡಿಯಾಕೆಯ ಹಿಡಿ ನನ್ನದರ ಒಂದೂವರೆ ಪಾಲು. ಕೊನೆಗೆ ಅವರ ಕೈಯಲ್ಲೇ ತಟ್ಟೆಗೆ ಹಾಕಿಸಿ, ನಾನು ತೆಗೆದುಕೊಂಡು ಹೋದ ಬಟ್ಟಲಲ್ಲಿ ಅಳೆದು ಬರೆದುಕೊಂಡೆ. "ನಮ್ಮನೆ ಅಡುಗೆಗೆ ತಕ್ಕಡಿ ಹಿಡ್ಕೊಂಡು ಬಂದ್ಳು ನೋಡಿ" ಎಂದು ಅವರಿಗೆಲ್ಲ ತಮಾಷೆ.

ಎಲೆಯ ಚಿತ್ರ ಬಿಡಿಸಲು ನನಗೆ ಬಾರದು. ಅದಕ್ಕೊಂದು ಉಪಾಯ ಹೊಳೆಯಿತು. ಎಲೆಗಳನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಇಟ್ಟು, ಮೇಲೆ ಅಕ್ಕಿಡಬ್ಬ ಹೇರಿ ಒಣಗಿಸಿ, ಜೆರಾಕ್ಸ್ ಅಂಗಡಿಗೆ ಒಯ್ದೆ. ಗಾಜಿನ ಮೇಲೆ ನೇರವಾಗಿ ಎಲೆ ಇಡುವುದೆಂದರೆ ಅಂಗಡಿಯ ಹುಡುಗ ಗಾಬರಿಯಾದ. "ಆಂಟೀ, ಮೆಷಿನ್ ಹಾಳಾಗ್ತದೆ!" ಎಂದ. ಒಣಗಿದೆ ಎಂದು ಮುಟ್ಟಿಸಿ ತೋರಿಸಿದೆ. ಬೆಳಕು ಸರಿದು ಕಾಗದ ಹೊರಬಂದಾಗ ಇಬ್ಬರೂ ಬೆರಗಾದೆವು. ಒಂದೊಂದು ನರವೂ ಸ್ಪಷ್ಟವಾಗಿ ಮೂಡಿತ್ತು. ಆಮೇಲೆ ಅವನೇ, "ಸ್ವಲ್ಪ ಡಾರ್ಕ್ ಮಾಡ್ಲಾ ಆಂಟಿ?" ಎಂದು ಕೇಳುತ್ತ ಜೊತೆಗೆ ನಿಂತ. ಆ ಚಿತ್ರಗಳನ್ನು ಕತ್ತರಿಸಿ ಪುಟಕ್ಕಂಟಿಸಿ, ಸುತ್ತ ಕಪ್ಪು ಮಸಿಯಲ್ಲಿ ಬರೆದೆ. ನಲವತ್ತು ಪ್ರತಿಗೆ ಎರಡೆರಡು ರೂಪಾಯಿಯಂತೆ ಎಂಬತ್ತು ರೂಪಾಯಿ. ಒಂದು ಸೇರು ಮಲ್ಲಿಗೆಗೂ ಬಾರದ ದುಡ್ಡಿಗೆ ನಾನು ಪ್ರಕಾಶಕಿಯಾದೆ.

ನಲವತ್ತು ಮನೆಗೆ ನಾನೇ ಕೊಟ್ಟುಬಂದೆ. ಒಂದು ವಾರ ಕೇರಿಯಲ್ಲಿ ಅದೇ ಮಾತು. ಸೊಸೆಯಂದಿರು ಅತ್ತೆಯರನ್ನು ಕೇಳತೊಡಗಿದರು. ಒಬ್ಬರು ಕೊತ್ತಂಬರಿಗೆ ಹೋದವರು ದೊಡ್ಡಪತ್ರೆ ಕಡ್ಡಿ ತಂದು ಕುಂಡದಲ್ಲಿ ನೆಟ್ಟರು. ನನ್ನ ಕಾಲು ನೆಲದ ಮೇಲಿರಲಿಲ್ಲವೆಂದರೆ ತಪ್ಪಲ್ಲ.

ನನ್ನ ತಪ್ಪು ಇದ್ದದ್ದು ಐದನೆಯ ಪುಟದಲ್ಲಿ.

ಮೂಲೆಮನೆಯ ಅಜ್ಜಿ ನನಗೆ ಕುಡಿ ತಂಬುಳಿ ಹೇಳಿಕೊಟ್ಟವರು. ಹೇಳುತ್ತ ಹೇಳುತ್ತ, ಅದನ್ನು ತಾನು ಮರೆಯದಿರಲು ಕಾರಣವಾದ ತನ್ನ ಹಳೆಯ ದುಃಖವೊಂದನ್ನೂ ಹೇಳಿದರು. ನಾನು ಕೇಳಿರಲಿಲ್ಲ, ಮಾತು ತಾನಾಗಿ ಬಂತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಳೆ ಬರುತ್ತಿತ್ತು. ನಾನು ಅದನ್ನೂ ಬರೆದುಕೊಂಡೆ. ಮನೆಗೆ ಬಂದು ಓದಿದರೆ ಕಣ್ಣಲ್ಲಿ ನೀರು. ಇದಿಲ್ಲದೆ ಪತ್ರಿಕೆಗೆ ಜೀವವಿಲ್ಲ ಎನಿಸಿತು. ನಾಲ್ಕು ಸಾಲಿನಲ್ಲಿ ಹಾಕಿಬಿಟ್ಟೆ. ಹೆಸರು ಬರೆಯದೆ 'ಮೂಲೆಮನೆಯ ಅಜ್ಜಿ' ಎಂದಷ್ಟೇ ಬರೆದಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮ ಕೇರಿಯಲ್ಲಿ ಮೂಲೆಮನೆ ಎಷ್ಟಿವೆ? ಒಂದೇ.

ಯಾರೋ ಆ ಪುಟದ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಕೆಟ್ಟ ಮನಸ್ಸಿನಿಂದಲ್ಲ, ಚೆನ್ನಾಗಿದೆ ಎಂದೇ. ಅದು ಗುಂಪಿನಿಂದ ಗುಂಪಿಗೆ ಹಾರಿ ಮೂರನೆಯ ದಿನ ಅಜ್ಜಿಯ ಮಗನ ಫೋನಿಗೇ ಬಂತು. ಅವರಿಗೆ ಅರುವತ್ತರ ಹತ್ತಿರ ವಯಸ್ಸು. ತಾಯಿ ಆ ಸಂಗತಿಯನ್ನು ಅವರಿಗೂ ಎಂದೂ ಹೇಳಿರಲಿಲ್ಲ.

ಸಂಜೆ ಅವರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ನಮ್ಮಮ್ಮನ ದುಃಖ ನಿಮ್ಮ ಪೇಪರಿಗೆ ಸರಕಾಯ್ತೇನ್ರೀ?" ಎಂದು ಒಂದೇ ಮಾತು ಕೇಳಿ ಹೊರಟುಹೋದರು. ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ. ಅವರು ಮೆಲ್ಲಗೆ ಕೇಳಿದ್ದರಿಂದ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮವರು ಆ ಹೊತ್ತು ಏನೂ ತಮಾಷೆ ಮಾಡಲಿಲ್ಲ. ತಾವೇ ಎದ್ದು ಹೋಗಿ ಗೇಟಿನ ಚಿಲಕ ಹಾಕಿ ಬಂದರು.

ಎರಡು ರಾತ್ರಿ ನಿದ್ದೆಯಿಲ್ಲ. ಮೊದಲು ಬೇರೆಯವರ ಮೇಲೆ ಸಿಟ್ಟು ಬಂತು. ಫೋಟೋ ತೆಗೆದವರು ಯಾರು, ಕಳಿಸಿದವರು ಯಾರು ಎಂದು. ಮೂರನೆಯ ದಿನ ತಿಳಿಯಿತು, ಬೇಲಿ ದಾಟಿಸಿದವಳು ನಾನೇ. ನಲವತ್ತು ಮನೆ ಎತ್ತಿ ಮತ್ತೆ ಹೋದೆ. "ದಯವಿಟ್ಟು ಆ ಪುಸ್ತಕ ವಾಪಸು ಕೊಡಿ" ಎಂದು ಕೇಳುವುದಿದೆಯಲ್ಲ, ಕೊಡುವುದಕ್ಕಿಂತ ಹತ್ತರಷ್ಟು ಕಷ್ಟ. ಮೂವತ್ತಮೂರು ಸಿಕ್ಕಿದವು. ಕೆಲವರು ಕಾರಣ ಕೇಳದೆ ಕೊಟ್ಟರು, ಕೆಲವರು ಕೇಳಿ ಕೊಟ್ಟರು, ಒಬ್ಬರು ಅದರಲ್ಲಿ ಬಾಳೆಕಾಯಿ ಚಿಪ್ಸ್ ಕಟ್ಟಿ ಮಗನ ಹಾಸ್ಟೆಲಿಗೆ ಕಳಿಸಿದ್ದರು. ಕಾಗದವನ್ನಾದರೆ ಹೀಗೆ ಮನೆಮನೆಗೆ ಹೋಗಿ ಕೇಳಬಹುದು. ಫೋನಿಗೆ ಹೋದದ್ದನ್ನು ಯಾರ ಬಾಗಿಲಲ್ಲಿ ನಿಂತು ಕೇಳುವುದು?

ಆಮೇಲೆ ಮೂಲೆಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಅವರಿಗೆ ಓದು ಬಾರದು. ನಾನು ಕೈ ಮುಗಿದು ತಪ್ಪಾಯಿತೆಂದೆ. ಅವರು ಬತ್ತಿ ಬಿಡಲಿಲ್ಲ.

"ಅದೇನು ಬರ್ದಿದೀಯ ಅಂತ ಎಲ್ರಿಗೂ ಗೊತ್ತು, ನಂಗೊಬ್ಳಿಗೆ ಗೊತ್ತಿಲ್ಲ. ಓದು ನೋಡಾಣ" ಎಂದರು.

ನಡುಗುವ ದನಿಯಲ್ಲಿ ಐದನೆಯ ಪುಟ ಓದಿದೆ. ಪೂರ್ತಿ ಕೇಳಿದರು.

"ಕಾಳುಮೆಣಸು ಹತ್ತು ಅಂತ ಬರ್ದಿದೀಯಲ್ಲ, ನಾ ಹೇಳಿದ್ದು ಆರು. ಹತ್ತು ಹಾಕಿದ್ರೆ ಹೊಟ್ಟೆ ಉರಿಯೋದಿಲ್ವೇನೆ?"

ನಾನು ತಲೆ ತಗ್ಗಿಸಿದೆ.

"ಅಚ್ಚು ಹಾಕ್ಸೋ ಮೊದ್ಲು ಹೀಗೇ ಒಂದ್ಸಲ ಬಂದು ಓದಿ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಸೋದರಿಯರೇ, ಅಷ್ಟೇ. ನನ್ನ ಎರಡು ತಪ್ಪಿಗೂ ಮದ್ದು ಅದೊಂದೇ ಆಗಿತ್ತು. ಬರೆದದ್ದನ್ನು, ಹೇಳಿದವರಿಗೆ ಒಮ್ಮೆ ಓದಿ ಹೇಳಿದ್ದರೆ ಮೆಣಸಿನ ಲೆಕ್ಕವೂ ಸರಿಯಾಗುತ್ತಿತ್ತು, ಮನಸ್ಸಿನ ಲೆಕ್ಕವೂ ಸರಿಯಾಗುತ್ತಿತ್ತು. ಹನ್ನೊಂದು ಮನೆಯಲ್ಲಿ ಬಟ್ಟಲಿಟ್ಟು ಅಳೆದವಳಿಗೆ ಈ ಅಳತೆ ಹೊಳೆಯಲಿಲ್ಲ ನೋಡಿ.

"ಆ ನಾಲ್ಕು ಸಾಲು ತೆಗೆದುಬಿಡ್ತೇನೆ ಅಜ್ಜಿ" ಎಂದೆ.

ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. ಬತ್ತಿ ಎರಡೋ ಮೂರೋ ಹೊಸೆದಾದವು. ಆಮೇಲೆ ಹೇಳಿದರು: "ನಮ್ಮತ್ತೆ ಒಂದು ಮಾತೂ ಆಡ್ದೆ ತಿಂಗಳೊಪ್ಪತ್ತು ದಿನಾ ಅದನ್ನೇ ಮಾಡಿ ಬಡಿಸಿದ್ರಲ್ಲ, ಅದು ಇರ್ಲಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ. ಉಳಿದದ್ದು ನಂಗಿರ್ಲಿ."

ಆ ಉಳಿದದ್ದು ಏನೆಂದು ನಾನು ಇಲ್ಲಿ ಬರೆದಿಲ್ಲವೆಂದು ನಿಮಗೆ ಕೋಪ ಬರಲಾರದು ಎಂದುಕೊಂಡಿದ್ದೇನೆ.

ಆಮೇಲೆ ತಿಳಿದ ಒಂದು ವಿಷಯ ನನಗೆ ಇನ್ನಷ್ಟು ಬುದ್ಧಿ ಕಲಿಸಿತು. ಅಮೆರಿಕದಲ್ಲಿ ಝೀನ್‌ಗಳನ್ನು ಕಾಪಾಡುವ ಗ್ರಂಥಪಾಲಕರು ತಮ್ಮತಮ್ಮಲ್ಲೇ ಕೂತು ಒಂದು ನೀತಿಸೂತ್ರ ಬರೆದುಕೊಂಡಿದ್ದಾರೆ. ಯಾವುದೋ ಹುಡುಗಿ ಇಪ್ಪತ್ತು ಗೆಳತಿಯರಿಗೆಂದು ಬರೆದದ್ದು ಈಗ ಗ್ರಂಥಾಲಯಕ್ಕೆ ಬಂದಿದೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ ಲೋಕಕ್ಕೆಲ್ಲ ತೋರಿಸುವ ಮುನ್ನ, ಆದಷ್ಟು ಮಟ್ಟಿಗೆ ಬರೆದವಳನ್ನು ಹುಡುಕಿ ಒಪ್ಪಿಗೆ ಕೇಳಬೇಕು, ಅವಳು ಬೇಡವೆಂದರೆ ಗೌರವಿಸಬೇಕು ಎನ್ನುತ್ತದೆ ಅದು. ಇಪ್ಪತ್ತು ಜನಕ್ಕೆ ಹೇಳಿದ ಮಾತು ಲೋಕಕ್ಕೆ ಹೇಳಿದ ಮಾತಲ್ಲ. ಪರಿಚಯವೇ ಇಲ್ಲದವರ ವಿಷಯದಲ್ಲಿ ಅವರಿಗಿರುವ ಎಚ್ಚರ, ದಿನಾ ಬೆಳಗ್ಗೆ ಮುಖ ನೋಡುವ ನೆರೆಮನೆಯವರ ವಿಷಯದಲ್ಲಿ ನನಗಿರಲಿಲ್ಲ. ಮಳೆ ಬರುವಾಗ ಒಬ್ಬಳಿಗೆ ಹೇಳಿದ ಮಾತು ನಲವತ್ತು ಮನೆಗೆ ಹೇಳಿದ ಮಾತೂ ಆಗಿರಲಿಲ್ಲ.

ಎರಡನೆಯ ಆವೃತ್ತಿಗೆ ಒಂದು ಪದ್ಧತಿ ಇಟ್ಟುಕೊಂಡೆ. ಪೆನ್ಸಿಲಿನಲ್ಲಿ ಬರೆದ ಕರಡನ್ನು ಹನ್ನೊಂದು ಮನೆಗೂ ಒಯ್ದು ಓದಿ ಹೇಳುವುದು. ಹೆಸರು ಬೇಕೆ ಬೇಡವೇ ಎಂದು ಕೇಳುವುದು. ನನಗೆ ಗೊತ್ತಿಲ್ಲದೆ ಹೋದದ್ದು ಎಷ್ಟಿತ್ತು ಗೊತ್ತೆ? ಹೂವಿನಂಗಡಿಯಾಕೆಗೆ ತನ್ನ ಪೂರ್ತಿ ಹೆಸರು ಬೇಕಿತ್ತು! "ಎಲ್ಲಾ ಕಡೆ ಹೂವಿನೋಳು, ಹೂವಿನೋಳು ಅಂತಾರೆ. ಒಂದು ಕಡೆನಾದ್ರೂ ನನ್ ಹೆಸರು ಇರ್ಲಿ" ಎಂದಳು. ಗುಟ್ಟಾಗಿಡಬೇಕಾದಲ್ಲಿ ಬಯಲು ಮಾಡಿದ್ದೆ, ಹೆಸರು ಹಾಕಬೇಕಾದಲ್ಲಿ ಮರೆಮಾಡಿದ್ದೆ. ಕೊನೆಯ ಪುಟದಲ್ಲಿ ಒಂದು ಸಾಲು ಸೇರಿಸಿದೆ: 'ಇದು ಕೈಯಿಂದ ಕೈಗೆ ಕೊಡುವುದಕ್ಕೆ. ದಯವಿಟ್ಟು ಫೋನಿನಲ್ಲಿ ಕಳಿಸಬೇಡಿ.' ಎಲ್ಲರೂ ಪಾಲಿಸುತ್ತಾರೆಂಬ ಭ್ರಮೆಯಿಲ್ಲ. ಆದ್ದರಿಂದಲೇ, ಫೋನಿಗೆ ಹೋದರೂ ಯಾರಿಗೂ ನೋವಾಗದಂತೆ ಬರೆಯಲು ಕಲಿಯುತ್ತಿದ್ದೇನೆ.

ಅಜ್ಜಿಯ ಮಗ ಈಗಲೂ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಾರೆ. ಅದು ನ್ಯಾಯವೇ. ಎಲ್ಲವೂ ಎರಡನೆಯ ಆವೃತ್ತಿಯಲ್ಲಿ ತಿದ್ದಿಹೋಗುವುದಿಲ್ಲ. ಅವರ ಮನೆಗೆ ಕೊಡಬೇಕಾದ ಪ್ರತಿಯನ್ನು ಅಜ್ಜಿಯ ಕೈಗೇ ಕೊಟ್ಟೆ. ದೇವರ ಗೂಡಿನ ಪಕ್ಕ, ಕುಂಕುಮದ ಭರಣಿಯ ಕೆಳಗೆ ಇಟ್ಟುಕೊಂಡಿದ್ದಾರೆ.

ಇಷ್ಟಾದ ಮೇಲೂ ನೀವು ಇದನ್ನು ಮಾಡಿ ನೋಡಬೇಕೆಂದೇ ನನ್ನ ಆಸೆ. ಕ್ರಮ ಹೇಳುತ್ತೇನೆ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ಮೇಲಿನ ಅಂಚನ್ನು ಕೆಳಗಿನ ಅಂಚಿಗೆ ತಂದು ಮಡಚಿ ಬಿಚ್ಚಿ. ಬಳಿಕ ಎಡ ಅಂಚನ್ನು ಬಲಕ್ಕೆ ತಂದು ಮಡಚಿ, ಅದನ್ನೇ ಮತ್ತೊಮ್ಮೆ ಹಾಗೆಯೇ ಮಡಚಿ, ಪೂರ್ತಿ ಬಿಚ್ಚಿ. ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಎಂಟು ಮನೆ ಕಾಣುತ್ತವೆ. ಈಗ ಎಡಬಲದ ಅಂಚು ಸೇರಿಸಿ ಒಂದೇ ಮಡಿಕೆ ಮಾಡಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಡುವೆ ಎರಡು ಮನೆ ಉದ್ದದ ಸೀಳು ಇರುತ್ತದೆ. ಬರಹ ಹೊರಗೆ ಬರುವಂತೆ ಹಾಳೆಯನ್ನು ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಟ್ಟು, ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆಯ ಹಾಗೆ ನಾಲ್ಕು ಎಲೆಗಳಾಗುತ್ತವೆ. ಅವನ್ನು ಒಂದೇ ಕಡೆಗೆ ಮಡಚಿದರೆ ಪುಸ್ತಕ.

ಬರೆಯುವಾಗ ಕೆಳಗಿನ ಸಾಲಿನಲ್ಲಿ ಎಡದಿಂದ 8, 1, 2, 3ನೆಯ ಪುಟಗಳು ಬರಬೇಕು. ಮೇಲಿನ ಸಾಲಿನಲ್ಲಿ ಎಡದಿಂದ 7, 6, 5, 4, ಇವು ತಲೆಕೆಳಗಾಗಿ. ಗೊಂದಲವಾದರೆ ಮೊದಲು ಖಾಲಿ ಹಾಳೆಯಲ್ಲೇ ಪುಸ್ತಕ ಮಾಡಿ, ಪೆನ್ಸಿಲಿನಲ್ಲಿ ಪುಟದ ಸಂಖ್ಯೆ ಹಾಕಿ, ಬಿಚ್ಚಿ ನೋಡಿಕೊಳ್ಳಿ. ಕಪ್ಪು ಮಸಿಯಲ್ಲೇ ಬರೆಯಿರಿ. ತೆಳು ನೀಲಿ, ಪೆನ್ಸಿಲು ಜೆರಾಕ್ಸಿನಲ್ಲಿ ಸರಿಯಾಗಿ ಮೂಡುವುದಿಲ್ಲ. ಅಂಚಿಗೆ ಒಂದು ಬೆರಳಿನ ಅಗಲ ಜಾಗ ಬಿಡಿ, ಯಂತ್ರ ಅಂಚನ್ನು ನುಂಗುತ್ತದೆ.

ಅಜ್ಜಿಯ ಕುಡಿ ತಂಬುಳಿಯನ್ನೂ, ಅವರ ಒಪ್ಪಿಗೆ ಪಡೆದೇ, ಕೊಡುತ್ತೇನೆ. ಪೇರಲೆ, ಕೇಪಳ, ನೆಕ್ಕರಿಕದ ಎಳೆಯ ಕುಡಿಗಳು ಎಲ್ಲ ಸೇರಿ ಒಂದು ಸಣ್ಣ ಬಟ್ಟಲು. ಗಿಡ ಗುರುತಿಸಲು ಬಾರದಿದ್ದರೆ ತಿಳಿದವರನ್ನು ಕೇಳಿ, ಇಲ್ಲವೇ ಬರೀ ಪೇರಲೆ ಕುಡಿಯಲ್ಲೇ ಮಾಡಿ. ಒಂದು ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಆರು ಕಾಳುಮೆಣಸು ಹುರಿದು, ಅದಕ್ಕೆ ಕುಡಿಗಳನ್ನು ಹಾಕಿ ಬಾಡಿಸಿ. ಆರಿದ ಮೇಲೆ ಅರ್ಧ ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಬಟ್ಟಲು ಮಜ್ಜಿಗೆ, ರುಚಿಗೆ ಉಪ್ಪು ಬೆರೆಸಿ. ಕುದಿಸಬಾರದು. ಬೇಕಾದರೆ ತುಪ್ಪದಲ್ಲಿ ಸಾಸಿವೆ ಒಗ್ಗರಣೆ. ಆರೇ ಮೆಣಸು, ನೆನಪಿರಲಿ!

ಈ ಲೇಖನವನ್ನು ಅಂಚೆಗೆ ಹಾಕುವ ಮುಂಚೆ ಮೂಲೆಮನೆಯ ಜಗಲಿಯಲ್ಲಿ ಕೂತು ಪೂರ್ತಿ ಓದಿ ಹೇಳಿದ್ದೇನೆ. ಅಜ್ಜಿ ಒಂದೇ ತಿದ್ದುಪಡಿ ಹೇಳಿದರು. "ಊರಿನ ಹೆಸರು ಒಂದು ತೆಗ್ದುಬಿಡು ಮಗಾ." ತೆಗೆದಿದ್ದೇನೆ. ನಿಮ್ಮೂರಿನ ಮೂಲೆಮನೆಯಲ್ಲೂ ಒಬ್ಬ ಅಜ್ಜಿ ಇರಬಹುದು. ಒಂದು ಮಧ್ಯಾಹ್ನ ನೋಟುಪುಸ್ತಕ ಹಿಡಿದು ಹೋಗಿ. ಬರೆದುಕೊಂಡದ್ದನ್ನು ಓದಿ ಹೇಳಲು ಇನ್ನೊಂದು ಮಧ್ಯಾಹ್ನವನ್ನೂ ಎತ್ತಿಟ್ಟುಕೊಂಡು ಹೋಗಿ.